ಕಸಿಗೆ ಸುತ್ತಿದ ನೂಲು

ಬಾವಿಯ ತುಂಬ ಮೀನುಗಳು ಹೊಟ್ಟೆ ಮೇಲು ಮಾಡಿ ತೇಲುತ್ತಿದ್ದವು.

ಒಂದೆರಡಲ್ಲ. ಸಾಮಿಯಾತಾಳ್ ಮಕ್ಕಳ ಹಾಗೆ ಸಾಕಿಕೊಂಡಿದ್ದ ಜಿಲೇಬಿ ಮೀನುಗಳೆಲ್ಲ ಸತ್ತು, ಮೆಟ್ಟಿಲ ಬುಡಕ್ಕೆ ಬಂದು ಗುಂಪು ಸೇರಿದ್ದವು. ಮಡತ್ತುಕುಳಂ ಊರಿಗೆ ಊರೇ ಬಾವಿಯ ಕಟ್ಟೆ ಹತ್ತಿ ನಿಂತಿತ್ತು.

"ಎಂಡ್ರಿನ್," ಎಂದರು ಇನ್ಸ್‌ಪೆಕ್ಟರ್ ರಾಜೇಂದ್ರನ್ ತಮಿಳಿನಲ್ಲಿ, ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು. "ಹತ್ತಿಗೆ ಹೊಡೆಯೋ ವಿಷ. ಸುಬ್ಬಯ್ಯನಿಗೆ ಅದನ್ನು ಕುಡಿಸಿ ಇದರೊಳಗೆ ತಳ್ಳಿದ್ದಾನೆ ನಿನ್ನ ಅಳಿಯ. ಪಂಪು ಹಾಕಿ ನೀರು ಬತ್ತಿಸಿದರೆ ಹೆಣ ತಾನಾಗಿ ಸಿಕ್ಕುತ್ತದೆ, ಏಟ್ಟಯ್ಯಾ."

ಹೆಡ್ ಕಾನ್‌ಸ್ಟೇಬಲ್ ಆಗಿದ್ದವರನ್ನು ಆ ಕಡೆ ಏಟ್ಟಯ್ಯಾ ಅನ್ನುತ್ತಾರೆ. ಚೆನ್ನಿಯಪ್ಪನ್ ಕೆಲಸದಿಂದ ನಿವೃತ್ತನಾಗಿ ಎರಡು ದೀಪಾವಳಿ ಕಳೆದಿದ್ದರೂ ಹೆಸರು ಮಾತ್ರ ಬಿಟ್ಟಿರಲಿಲ್ಲ. ಬೇರೆಯವರ ಮನೆಯ ಕಳ್ಳರನ್ನು ಹಿಡಿದು ಸವೆದ ಮನುಷ್ಯ ಈಗ ತನ್ನ ಮಗಳ ಗಂಡನನ್ನು ಬಿಡಿಸಲಾರದೆ ಬೀದಿ ಬೀದಿ ಅಲೆಯುತ್ತಿದ್ದ.

ವಾಲ್ಪಾರೆಯ ಮಲೆಯ ಮೇಲಿನ ನರ್ಸರಿಯಿಂದ ಸುಬ್ಬಯ್ಯನ್ ಕಾಣೆಯಾಗಿ ತಿಂಗಳಾಗಿತ್ತು. ಅವರ ಕೈಕೆಳಗೆ ಕಸಿ ಕಟ್ಟುತ್ತಿದ್ದ ಅಳಿಯ ನಟರಾಜನ್ ವಾರದಿಂದ ಕೊಯಮತ್ತೂರಿನ ಠಾಣೆಯ ಲಾಕಪ್ಪಿನಲ್ಲಿದ್ದ, ಅದೂ ಎಲ್ಲಿಯೂ ಬರೆದುಕೊಳ್ಳದ ಬಂಧನ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಮ್ಯಾಜಿಸ್ಟ್ರೇಟರ ಮುಂದೆ ತಾನಾಗಿ ಒಪ್ಪಲಿ ಎಂದು ಹುಡುಗನನ್ನು ಹಣ್ಣು ಮಾಡುತ್ತಿದ್ದರು. ಆ ವಿದ್ಯೆಯನ್ನು ಚೆನ್ನಿಯಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನಾಳೆ ಬೆಳಿಗ್ಗೆ ಕೋರ್ಟಿಗೆ ಹಾಜರು," ಎಂದರು ರಾಜೇಂದ್ರನ್. "ಅವನು ಒಪ್ಪುತ್ತಾನೆ. ನಿನ್ನೆಯೇ ಅರ್ಧ ಒಪ್ಪಿದ."

ಚೆನ್ನಿಯಪ್ಪನ್ ಮೆಟ್ಟಿಲಿಳಿದು ಹೋಗಿ, ಕುಕ್ಕರುಗಾಲಲ್ಲಿ ಕೂತು, ನೀರನ್ನು ಬೊಗಸೆಯಲ್ಲಿ ಎತ್ತಿ ಉಜ್ಜಿದ. ನೊರೆ ಬಂತು. ಇನ್ನೊಂದು ಸಲ ಉಜ್ಜಿದ. ಮುಂಗೈವರೆಗೂ ಬೆಳ್ಳಗೆ ನೊರೆ. ಮನೆಯಲ್ಲಿ ಕನ್ನಡ ಆಡುವ ನೇಕಾರರಲ್ಲಿ ಹುಟ್ಟಿದವನಿಗೆ ಈ ನೊರೆ ಗೊತ್ತಿಲ್ಲದ್ದಲ್ಲ. ರೇಷ್ಮೆನೂಲು ತೊಳೆಯಲು ಅವ್ವ ಅಂಟುವಾಳದ ಕಾಯಿ ಕುಟ್ಟಿ ನೆನೆಹಾಕಿದಾಗ ಹೀಗೇ ಏಳುತ್ತಿತ್ತು.

ಎಂಡ್ರಿನ್‌ಗೆ ನೊರೆ ಎಲ್ಲಿಯದು?

ಯೋಚನೆ ಮುಗಿಯುವ ಮೊದಲೇ ಅವನು ಬೊಗಸೆ ನೀರನ್ನು ಗಟಗಟ ಕುಡಿದುಬಿಟ್ಟ.

"ಅಯ್ಯಯ್ಯೋ! ಅಣ್ಣಾ!" ಕಟ್ಟೆಯ ಮೇಲಿಂದ ಕಿರುಚಿದವಳು ಸಾಮಿಯಾತಾಳ್, ನಟರಾಜನ ತಾಯಿ. "ನನ್ ಮಗ ಸಾಲ್ದು ಅಂತ ನೀವೂ ಹೊರಟ್ರಾ?"

ರಾಜೇಂದ್ರನ್ ಮುಖ ಬಿಳಿಚಿತು. "ಹುಚ್ಚು ಹಿಡಿದಿದೆಯಾ ನಿನಗೆ? ನೀನು ಸತ್ತರೆ ಆ ಕೇಸನ್ನು ಯಾರ ತಲೆಗೆ ಕಟ್ಟಲಿ?"

"ಬಾಯಿ ಕಹಿ, ಅಷ್ಟೇ ಸಾರ್." ಚೆನ್ನಿಯಪ್ಪನ್ ಪಂಚೆಯ ತುದಿಯಲ್ಲಿ ತುಟಿ ಒರೆಸಿಕೊಂಡ. "ಎಂಡ್ರಿನ್ ಅಂತೀರಲ್ಲ, ನಾನು ಇಲ್ಲೇ ಕೂತಿರ್ತೀನಿ. ವಾಂತಿ ಬರುತ್ತಾ ನೋಡಿ."

ಎಲ್ಲರೂ ನೋಡಿದರು. ಯಾರೋ ಬೀಡಿ ಹಚ್ಚಿ ಮುಗಿಸಿದರು. ಚೆನ್ನಿಯಪ್ಪನಿಗೆ ಏನೂ ಆಗಲಿಲ್ಲ.

ಅವನು ಮೇಲೆ ಬಂದು ಸಾಮಿಯಾತಾಳಿನ ಎದುರು ನಿಂತ. "ಅಮ್ಮಣೀ, ಭಯ ಬೇಡ. ಬಾವಿಗೆ ಏನಾದ್ರೂ ಹಾಕಿದ್ಯಾ? ನಿಜ ಹೇಳು."

ಮುದುಕಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆಮೇಲೆ, ಅಳುತ್ತ ಹೇಳಿದಳು. "ಹಿಂಡಿ ಅಣ್ಣಾ. ಹಸೂಗೆ ಅಂತ ನೆನೆಹಾಕಿದ್ದೆ. ಅದು ಮೂಸಿ ಮೊಕ ತಿರುಗಿಸ್ತು. ತಿನ್ನೋ ವಸ್ತು, ಬೀದೀಗೆ ಚೆಲ್ಲೋಕೆ ಮನಸ್ಸು ಬರುತ್ತಾ? ಮೀನಾದ್ರೂ ತಿನ್ಲಿ ಅಂತ ಬಾವಿಗೆ ಸುರುದೆ. ಹಿಂಡಿ ತಿಂದು ಮೀನು ಸಾಯುತ್ತೆ ಅಂತ ಯಾರ್ ಕಂಡ್ರು, ದೇವ್ರೇ!"

ಒಕ್ಕಲು ಮನೆಯ ಹೆಂಗಸು. ಹಿಂಡಿ ಎಂದರೆ ಅವಳಿಗೆ ಕಡಲೆಹಿಂಡಿ, ಹತ್ತಿಬೀಜದ ಹಿಂಡಿ. ದನಕ್ಕೆ ಬೇಡವಾದರೆ ಇನ್ನೊಂದು ಜೀವಕ್ಕಾದರೂ ಆಗಲಿ ಎನ್ನುವುದು ಅವಳ ಅತ್ತೆ ಕಲಿಸಿದ ಪಾಠ. ಅದೇ ಪಾಠ ಈಗ ಅವಳ ಮಗನ ಕುತ್ತಿಗೆಗೆ ಬಂದಿತ್ತು.

ಕೊಟ್ಟಿಗೆಯ ಮೂಲೆಯಲ್ಲಿ ಅರ್ಧ ಖಾಲಿಯಾದ ಚೀಲ ಇನ್ನೂ ಇತ್ತು. ಚೆನ್ನಿಯಪ್ಪನ್ ಒಂದು ತುಂಡು ಹಿಂಡಿ ಮುರಿದು ನೋಡಿದ. ಒಳಗೆ ಹೊಳೆಯುವ ಕಂದು ಸಿಪ್ಪೆಯ ಚೂರುಗಳು.

ಕಾಡುಚಹಾ.

ಅಳಿಯ ಹೊಸದರಲ್ಲಿ ಮನೆಗೆ ಬಂದಾಗಲೆಲ್ಲ ಇದನ್ನೇ ಹೇಳುತ್ತಿದ್ದ, ಮಾವ ಆಕಳಿಸುತ್ತ ಕೇಳುತ್ತಿದ್ದ. ಚಹಾಗಿಡಕ್ಕೆ ಇದು ಸೋದರ, ಕಮೆಲಿಯಾ ಕುಲದ್ದೇ, ಆದರೆ ಎಲೆ ಕುಡಿಯಲು ಬರುವುದಿಲ್ಲ. ವರ್ಷವಿಡೀ ಎಲೆ ಉದುರಿಸದ ಕಾಡುಮರ. ಹೂವು ಬಿಳಿ, ನಡುವೆ ಹಳದಿ ಕೇಸರ. ಹೂವು ಕಾಯಾಗಿ ಹಣ್ಣಾಗಲು ಹತ್ತಿರ ಹತ್ತಿರ ವರ್ಷವೇ ಬೇಕು, ಅದಕ್ಕೇ ಹೋದ ವರ್ಷದ ಕಾಯಿ, ಈ ವರ್ಷದ ಹೂವು ಎರಡೂ ಒಂದೇ ಕೊಂಬೆಯಲ್ಲಿ. ಬೀಜದಿಂದ ಎಣ್ಣೆ ತೆಗೆದು ಉಳಿದ ಹಿಂಡಿ ಮೀನಿಗೆ ವಿಷ, ಮನುಷ್ಯನಿಗೆ ಏನೂ ಮಾಡದು. "ಮಾವಾ, ಅಸ್ಸಾಂ ಕಡೆ ಕಾಡಿನಿಂದ ಬಂದ ಬೀಜ. ನಮ್ಮ ಈ ಸೀಮೇಲಿ ಸುಬ್ಬಯ್ಯನ್ ಸಾರ್ ಹತ್ರ ಬಿಟ್ರೆ ಬೇರೆ ಯಾರ ಹತ್ರಾನೂ ಇಲ್ಲ," ಎಂದಿದ್ದ.

ಸುಬ್ಬಯ್ಯನ್ ಅದರ ಬೇರಿನ ಮೇಲೆ ನಾಡು ಚಹಾದ ಕುಡಿ ಕಸಿ ಮಾಡುತ್ತಿದ್ದರು. ಚಹಾತೋಟಗಳನ್ನು ಬೋಳಿಸುತ್ತಿದ್ದ ಬೇರುಕೊಳೆ ಈ ಕಾಡುಬೇರಿನ ಹತ್ತಿರ ಸುಳಿಯುತ್ತಿರಲಿಲ್ಲ. ಆ ಗಿಡ ಯಾರ ಕೈಯಲ್ಲಿದೆಯೋ ಮಲೆಯ ತೋಟದವರೆಲ್ಲ ಅವರ ಬಾಗಿಲಿಗೆ ಬರುತ್ತಾರೆ.

"ಈ ಚೀಲ ಯಾರು ಕೊಟ್ಟಿದ್ದು ಅಮ್ಮಣೀ?"

"ನಮ್ ಸಾಂತಿನೇ ಅಣ್ಣಾ, ನಿಮ್ಮ ಮಗಳು. ಹೋದ ಶುಕ್ರವಾರ ನನ್ನ ನೋಡೋಕೆ ಬಂದಾಗ ತಂದಳು. ಹೊಟ್ಟೇಲಿ ಕೂಸು ಇಟ್ಕೊಂಡು ಅಷ್ಟು ಭಾರ ಹೊತ್ತು ತಂದೆಯಲ್ಲೇ ಅಂತ ಬೈದೆ."

ಇಷ್ಟು ಕಷ್ಟದಲ್ಲೂ ಮಗಳು ಹಸುವನ್ನು ಮರೆತಿಲ್ಲವಲ್ಲ ಎಂದುಕೊಳ್ಳುತ್ತ ಚೆನ್ನಿಯಪ್ಪನ್ ಚೀಲವನ್ನು ತಿರುಗಿಸಿ ನೋಡಿದ. ಚೀಲದ ಮೇಲೆ ಕೆಂಪು ಬಣ್ಣದ ಹಲ್ಲುಚಕ್ರದ ಗುರುತಿತ್ತು. ಅದು ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿರುವ ದೇವರಾಜನ್ ವರ್ಕ್‌ಶಾಪಿನ ಗುರುತು. ಈ ದೇವರಾಜನ್ ಸುಬ್ಬಯ್ಯನಿಗೆ ನರ್ಸರಿಯಲ್ಲಿ ಪಾಲುದಾರ, ನಟರಾಜನಿಗೂ ಸುಬ್ಬಯ್ಯನಿಗೂ ಜಗಳವಾಗಿತ್ತು ಎಂದು ಪೊಲೀಸರ ಮುಂದೆ ಹೇಳಿದ ಪುಣ್ಯಾತ್ಮ. ಗಂಡನನ್ನು ಬಿಡಿಸಿಕೊಡಿ ಎಂದು ಸಾಂತಿ ಅವನ ಕಾಲಿಗೆ ಬಿದ್ದಿರಬೇಕು, ಅವನು ಹಿಂಡಿ ಕೊಟ್ಟು ಕಳಿಸಿರಬೇಕು ಎಂದುಕೊಂಡ.

"ಪಂಪು ನಾನು ನಿಲ್ಲಿಸೋದಿಲ್ಲ," ಎಂದರು ರಾಜೇಂದ್ರನ್. ಆದರೆ ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ. "ಬೇರೆ ಏನಾದರೂ ಇದ್ದರೆ ಸಾಯಂಕಾಲದೊಳಗೆ ಠಾಣೆಗೆ ತಂದು ತೋರಿಸು. ಆಮೇಲೆ ನನ್ನ ಕೈಯಲ್ಲೂ ಇಲ್ಲ."

*

ಚೇರನ್ ಬಸ್ಸು ಪೊಳ್ಳಾಚಿ ದಾಟಿ ಕೊಯಮತ್ತೂರು ಸೇರುವಷ್ಟರಲ್ಲಿ ಬಿಸಿಲು ಇಳಿಮುಖವಾಗಿತ್ತು. ಇನ್ನೊಂದು ಬಸ್ಸು ಹಿಡಿದು ಗಣಪತಿಯಲ್ಲಿ ಇಳಿದಾಗ ಬೀದಿಯೆಲ್ಲ ಲೇತ್‌ಗಳ ಕಿರಿಚು. ಕಬ್ಬಿಣ ಕಾದ ವಾಸನೆ.

ದೇವರಾಜನ್ ಎದ್ದು ಬಂದು ಕೈ ಮುಗಿದ. ಒಕ್ಕಲು ಮನೆಯಿಂದ ಬಂದು ಪಂಪಿನ ವ್ಯಾಪಾರದಲ್ಲಿ ಮೇಲೆ ಬಂದವನು, ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ಬೆಣ್ಣೆ.

"ಬನ್ನಿ ಚೆನ್ನಿಯಣ್ಣಾ, ಬನ್ನಿ. ಕಾಫಿ ತರಿಸ್ಲಾ? ಪಾಪ, ಹುಡುಗಿ ಮೊಕ ನೋಡೋಕಾಗಲ್ಲ. ನಾನೂ ಹೇಳ್ಬೇಕಾದ ಕಡೆ ಹೇಳ್ತಾನೇ ಇದೀನಿ."

"ಕಾಫಿ ಬೇಡ. ಹಿಂಡಿ ಬೇಕು."

"ಏನ್ ಹಿಂಡಿ ಅಣ್ಣಾ?"

"ಮೀನು ಕೊಲ್ಲೋ ಹಿಂಡಿ. ನಿಮ್ಮ ಚೀಲದಲ್ಲಿ ಇತ್ತು."

ದೇವರಾಜನ್ ನಕ್ಕ. "ನನ್ನ ಚೀಲ ಜಿಲ್ಲೇಲೆಲ್ಲಾ ಸಿಕ್ಕುತ್ತೆ. ಎಣ್ಣೆ ಮಿಷನ್ನು ರಿಪೇರಿಗೆ ಬರುತ್ತೆ, ಓಡಿಸಿ ನೋಡ್ತೀವಿ, ಯಾವ್ಯಾವ್ದೋ ಬೀಜ ಹಾಕ್ತಾರೆ ಹುಡುಗ್ರು."

"ಯಾವ್ಯಾವ್ದೋ ಅಲ್ಲ. ಮಲೆ ಮೇಲಿನ ಕಾಡುಚಹಾ ಬೀಜ. ಉದುರೋದು ಈ ತಿಂಗಳೇ, ಉದುರಿದ್ದನ್ನ ಬೇಗ ಬಿತ್ತದೇ ಇದ್ರೆ ಮೊಳೆಯಲ್ಲ. ನೀರಿಗೆ ಹಾಕಿ, ಮುಳುಗಿದ್ದನ್ನ ಬಿತ್ತಿ, ತೇಲಿದ ಜೊಳ್ಳನ್ನ ತೆಗೆದಿಡ್ತಾರೆ. ಆ ಜೊಳ್ಳು ಎಣ್ಣೆ ಮಿಷನ್ನಿಗೆ. ಅಂದ್ರೆ ಈ ಸಲದ ಬೀಜ ಯಾರೋ ಆರಿಸಿದಾರೆ, ಬಿತ್ತಿದಾರೆ. ಸುಬ್ಬಯ್ಯನ್ ಕಾಣೆಯಾದ ಮೇಲೆ ಬಿತ್ತಿದವರು ಯಾರು?"

ದೇವರಾಜನ ನಗು ಮುಖದಲ್ಲೇ ನಿಂತಿತು, ಆದರೆ ಕಣ್ಣು ಒಂದು ಗಳಿಗೆ ಹಿಂದಿನ ಬಾಗಿಲಿನ ಕಡೆ ಹೋಗಿ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚೆನ್ನಿಯಪ್ಪನಿಗೆ ಅಷ್ಟು ಸಾಕಾಗಿತ್ತು. ಅವನು ಎದ್ದು ನೆಟ್ಟಗೆ ಆ ಬಾಗಿಲಿಗೆ ಹೋದ.

"ಅಣ್ಣಾ, ಅಲ್ಲಿ ಬರೀ ಗುಜರಿ ಇದೆ!"

ಗುಜರಿ ಇತ್ತು, ನಿಜ. ಗುಜರಿಯ ಆಚೆ ತೆಂಗಿನ ಗರಿಯ ಚಪ್ಪರ, ಚಪ್ಪರದ ಕೆಳಗೆ ತಂಪು ನೆರಳು. ಅಲ್ಲಿ ಒಂದೇ ಒಂದು ಕುಂಡ, ಅದರ ಮೇಲೆ ಪಾಲಿಥೀನ್ ಹೊದಿಕೆ, ಒಳಗೆಲ್ಲ ಬೆವರಿನ ಹನಿ.

"ಶೋಕಿಗೆ ಇಟ್ಟ ಗಿಡ," ಎಂದ ದೇವರಾಜನ್ ಹಿಂದೆಯೇ ಬಂದು. "ವರ್ಷಗಳಿಂದ ಇದೆ. ಹುಡುಗ್ರು ಬೋರ್ ನೀರು ಹುಯ್ತಾರೆ."

"ಬೋರ್ ನೀರಾ?" ಚೆನ್ನಿಯಪ್ಪನ್ ಮಣ್ಣು ಕೆದಕಿದ. ಕರಿಮಣ್ಣು, ಕೊಳೆತ ಎಲೆಯ ಗೊಬ್ಬರ, ಸುಣ್ಣದ ಬಿಳಿ ಪೊರೆಯ ಗುರುತೂ ಇಲ್ಲ. "ಗಣಪತಿ ಬೋರ್ ನೀರಲ್ಲಿ ಬೇಳೆ ಬೇಯಲ್ಲ ಅಂತ ಹೆಂಗಸರು ಶಾಪ ಹಾಕ್ತಾರೆ. ಈ ಗಿಡಕ್ಕೆ ಸುಣ್ಣ ಆಗಲ್ಲ, ಆ ನೀರು ಕಂಡ್ರೆ ಎಲೆ ಹಳದಿಯಾಗಿ ಮುದುರುತ್ತೆ. ಇದರ ಬುಡದ ಎಲೆ ನೋಡಿ, ಎಣ್ಣೆ ಹಚ್ಚಿದ ಹಾಗೆ ಹೊಳೀತಿದೆ. ಯಾರೋ ಸಿರುವಾಣಿ ಹೊಳೆಯ ಸಿಹಿನೀರು ಹೊತ್ತು ತಂದು ಹಾಕ್ತಿದಾರೆ."

ಅವನು ಹೊದಿಕೆ ಎತ್ತಿದ.

"ಮುಟ್ಬೇಡಿ!" ದೇವರಾಜನ ಬೆಣ್ಣೆಯೆಲ್ಲ ಕರಗಿತ್ತು. "ಮುಟ್ಟಿದ್ರೆ ಕೈ ಮುರೀತೀನಿ!"

ಕಾಡುಚಹಾದ ಹೆಬ್ಬೆರಳು ದಪ್ಪದ ಕಾಂಡವನ್ನು ಅಡ್ಡಕ್ಕೆ ಕತ್ತರಿಸಿ, ಸೀಳಿ, ಸೀಳಿನಲ್ಲಿ ನಾಡು ಚಹಾದ ಕುಡಿಯನ್ನು ಕೂರಿಸಿ, ನೂಲು ಸುತ್ತಲಾಗಿತ್ತು. ಕತ್ತರಿಸಿದ ಮೈ ಇನ್ನೂ ಬಿಳಿ. ಉಗುರು ಒತ್ತಿದರೆ ಹಸಿ.

ವಾರದಿಂದ ಚೆನ್ನಿಯಪ್ಪನ ಎದೆಯ ಮೇಲೆ ಕೂತಿದ್ದ ಕಲ್ಲು ಅಲುಗಾಡಿದ ಹಾಗಾಯಿತು.

"ದೇವರಾಜಾ," ಎಂದ. ಗೌರವದ ಮಾತು ತಾನಾಗಿ ಬಿದ್ದುಹೋಗಿತ್ತು. "ಇದು ನಿನ್ನೆ ಮೊನ್ನೆ ಕಟ್ಟಿದ ಕಸಿ. ಎರಡು ದಿನ ಕಳೆದ್ರೆ ಈ ಗಾಯ ಕಂದು ತಿರುಗುತ್ತೆ. ಈ ಕಸಿ ಬಲ್ಲವರು ಇಬ್ಬರೇ. ಒಬ್ಬ ನನ್ನ ಅಳಿಯ, ಅವನು ವಾರದಿಂದ ಕಂಬಿ ಹಿಂದೆ ಇದಾನೆ. ಇನ್ನೊಬ್ಬರ ಹೆಣಕ್ಕೆ ಅಂತ ಪೊಲೀಸರು ಮಡತ್ತುಕುಳದಲ್ಲಿ ಬಾವಿ ಬತ್ತಿಸ್ತಾ ಇದಾರೆ. ಹೆಣ ಬಂದು ಕಸಿ ಕಟ್ತಾ? ಹೇಳು! ಸುಬ್ಬಯ್ಯನ್ ಎಲ್ಲಿ?"

ದೇವರಾಜನ್ ಬಾಗಿಲಿಗೆ ಅಡ್ಡ ನಿಂತ. ಅವನ ಹಿಂದೆ ಸ್ಪ್ಯಾನರು ಹಿಡಿದ ಇಬ್ಬರು ಬಂದು ನಿಂತರು. ಚೆನ್ನಿಯಪ್ಪನ್ ಕುಂಡವನ್ನು ಎರಡೂ ಕೈಯಲ್ಲಿ ಎದೆಗೆ ಅಪ್ಪಿಕೊಂಡ.

"ಹೊಡೀರಿ," ಎಂದ. "ಇದನ್ನ ಠಾಣೆಗೆ ತಗೊಂಡು ಹೋಗ್ದೇ ನಾನು ಸಾಯಲ್ಲ."

ಆಗ ಒಂದು ವಿಚಿತ್ರ ನಡೆಯಿತು. ದೇವರಾಜನ ದೃಷ್ಟಿ ಕುಂಡದ ಮೇಲೆ ಬಿತ್ತು, ಕಸಿಯ ಮೇಲೆ ನಿಂತಿತು. ಮುಖದ ಸಿಟ್ಟು ನಿಧಾನವಾಗಿ ಇಳಿಯಿತು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ತಗೊಂಡೋಗಿ ಅಣ್ಣಾ," ಎಂದ, ಮತ್ತೆ ಅದೇ ಬೆಣ್ಣೆಯ ದನಿಯಲ್ಲಿ. "ಯಾರು ಬೇಡ ಅಂದ್ರು? ದಾರೀಲಿ ಮಾತ್ರ ಒಂದ್ಸಲ ಚೆನ್ನಾಗಿ ನೋಡ್ಕೊಳ್ಳಿ. ನೀವು ನೇಕಾರರ ಮನೆಯವರಲ್ವಾ, ನನಗೇನು ಗೊತ್ತಾಗುತ್ತೆ."

*

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕುಂಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಚೆನ್ನಿಯಪ್ಪನ್ ಮೊದಲ ಸಲ ಉಸಿರು ಬಿಟ್ಟ. ಗೆದ್ದೆ ಅಂದುಕೊಂಡ. ಸತ್ತವರು ಬದುಕಿದ್ದರೆ ಕೊಲೆಗಾರ ಎಲ್ಲಿಯವನು? ನಾಳೆ ಅಳಿಯ ಮನೆಗೆ ಬರುತ್ತಾನೆ, ಸಾಂತಿ ಒಂದು ತುತ್ತು ನೆಟ್ಟಗೆ ತಿನ್ನುತ್ತಾಳೆ.

ಆದರೆ ಅವನು ಯಾಕೆ ದಾರಿ ಬಿಟ್ಟ?

ಆ ಪ್ರಶ್ನೆ ಹೋಗಲಿಲ್ಲ. ಚೆನ್ನಿಯಪ್ಪನ್ ಕಸಿಯ ಹತ್ತಿರ ಕಣ್ಣು ತಂದ. ನರ್ಸರಿಯಲ್ಲಿ ಪಾಲಿಥೀನ್ ಪಟ್ಟಿ ಸುತ್ತುತ್ತಾರೆ. ಇಲ್ಲಿ ಸುತ್ತಿದ್ದು ಹತ್ತಿಯ ನೂಲು, ಗಂಜಿ ಕುಡಿದ ಮಗ್ಗದ ಹಾಸುನೂಲು. ಸುತ್ತು ಒಂದರ ಪಕ್ಕ ಒಂದು, ಅಕ್ಕಿಕಾಳಿನಷ್ಟೂ ಸಂದಿಲ್ಲದೆ ಕೂತಿತ್ತು. ಕಸಿಗೆ ನಾಲ್ಕು ಕೈ ಬೇಕು ಎಂದು ಅಳಿಯ ಹೇಳುತ್ತಿದ್ದ. ಒಬ್ಬರು ಸೀಳಿ ಕುಡಿ ಹಿಡಿಯಬೇಕು, ಇನ್ನೊಬ್ಬರು ಸುತ್ತಬೇಕು. ಹಿಡಿದದ್ದು ಸುಬ್ಬಯ್ಯನ್ ಸರಿ. ಸುತ್ತಿದ್ದು ಯಾರು?

ನಡುವೆ ಒಂದು ಕಡೆ ನೂಲು ಸಾಲದೆ ಇನ್ನೊಂದು ಎಳೆ ಸೇರಿಸಿದ್ದರು. ಗಂಟು ಹಾಕಿರಲಿಲ್ಲ. ಎರಡು ತುದಿಗಳನ್ನು ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಒಂದು ಮಾಡಿದ್ದರು. ಆ ಬೂದಿಯ ಕಲೆ ಇನ್ನೂ ಇತ್ತು.

ತನ್ನ ಊರಾದ ಕರುಮತ್ತಂಪಟ್ಟಿಯ ಮಗ್ಗದ ಮನೆಗಳಲ್ಲಿ ಹಾಸು ಮುಗಿದಾಗ ಹಳೆಯ ಎಳೆಗೆ ಹೊಸ ಎಳೆಯನ್ನು ಹೀಗೇ ಸೇರಿಸುತ್ತಾರೆ. ಗಂಟು ಹಾಕಿದರೆ ಹಣಿಗೆಯಲ್ಲಿ ಸಿಕ್ಕಿಕೊಂಡು ಎಳೆ ಹರಿಯುತ್ತದೆ. ಬೂದಿ ಮುಟ್ಟಿ ಬಲಕ್ಕೆ ಹೊಸೆಯಬೇಕು. ಊರಿನ ಎಲ್ಲರೂ ಬಲಕ್ಕೇ ಹೊಸೆಯುವುದು.

ಇದು ಎಡಕ್ಕೆ ಹೊಸೆದಿತ್ತು.

ಚೆನ್ನಿಯಪ್ಪನ ಮನೆಯಲ್ಲಿ ಒಬ್ಬಳು ಎಡಚಿ ಇದ್ದಳು. "ಎಡಗೈ ಮುಂಡೇದೇ, ನೀನು ಹೊಸೆದ ಎಳೆ ಮಗ್ಗದಲ್ಲಿ ಬಿಚ್ಚಿಕೊಳ್ಳುತ್ತೆ ಕಣೇ," ಎಂದು ಅವ್ವ ಆ ಕೂಸಿನ ಬೆರಳಿಗೆ ಹೊಡೆಯುತ್ತಿದ್ದಳು. ಎಷ್ಟು ಹೊಡೆದರೂ ಆ ಬೆರಳು ತಿರುಗಲಿಲ್ಲ. ಅಪ್ಪನೇ ನಡುವೆ ಬಂದು, ಹೋಗಲಿ ಬಿಡವ್ವಾ, ಎಂದು ಎತ್ತಿಕೊಳ್ಳುತ್ತಿದ್ದ.

ಹರಕೆ ಎಂದು ಮರುದಮಲೆಯ ಗುಡಿಗೆ ಹೋಗಿ ಬರುತ್ತಿದ್ದಳು ಸಾಂತಿ. ಗಂಡ ಒಳಗೆ ಹೋದ ಮೇಲೆ ಎರಡು ಸಲ ಹೋಗಿದ್ದಳು, ಹೋದದ್ದು ಗುಡಿಗೇನಾ? ಹಿಂಡಿಯ ಚೀಲ ತಂದವಳು ಅವಳೇ. ಮುಂಜಾನೆ ಅದನ್ನು ಕೇಳಿಯೂ ಕೇಳದವನ ಹಾಗೆ ಮುಂದೆ ಬಂದಿದ್ದೆನಲ್ಲ! ಬೇರೆಯವರ ಮಗಳಾಗಿದ್ದರೆ ಅಲ್ಲೇ ನಿಲ್ಲಿಸಿ ನೂರು ಪ್ರಶ್ನೆ ಕೇಳುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸುಮ್ಮನೆ ಹೇಳಿದ್ದಾರಾ?

ಅವನ ಉಗುರು ನೂಲಿನ ತುದಿಗೆ ಹೋಯಿತು. ಬಿಚ್ಚಿ ಕಿಟಕಿಯಿಂದ ಎಸೆದರೆ ಆಯಿತು, ಯಾರಿಗೂ ತಿಳಿಯದು. ಆದರೆ ನೂಲು ಬಿಚ್ಚಿದರೆ ಕುಡಿ ಕಳಚಿ ಬೀಳುತ್ತದೆ. ಕುಡಿ ಬಿದ್ದರೆ ಇದು ಬರೀ ಸೀಳಿದ ಕಾಂಡ, ಅಳಿಯನನ್ನು ಉಳಿಸುವ ಸಾಕ್ಷಿಯಲ್ಲ. ಅಳಿಯ ಬೇಕೆಂದರೆ ಮಗಳನ್ನೂ ಕೂಡಿಸಿಯೇ ಪೊಲೀಸರಿಗೆ ಕೊಡಬೇಕು. ಠಾಣೆಯ ಸ್ಟಾಪು ಬರುವವರೆಗೂ ಅವನು ಆ ತುದಿಯನ್ನು ಹಿಡಿದೇ ಕೂತಿದ್ದ, ಬಿಚ್ಚಲೂ ಇಲ್ಲ, ಬಿಡಲೂ ಇಲ್ಲ.

*

ಠಾಣೆಯ ಬೇವಿನ ಮರದ ಕೆಳಗೆ ಸಾಂತಿ ನಿಂತಿದ್ದಳು. ತುಂಬಿದ ಹೊಟ್ಟೆ, ಕೈಯಲ್ಲಿ ಗಂಡನಿಗೆ ತಂದ ಊಟದ ಕ್ಯಾರಿಯರ್. ಅಪ್ಪನನ್ನು ಕಂಡು ಎರಡು ಹೆಜ್ಜೆ ಓಡಿ ಬಂದವಳು ಕುಂಡವನ್ನು ನೋಡಿ ಹಾಗೇ ನಿಂತಳು. ಅವಳ ಎಡಗೈ ತಾನಾಗಿ ಸೆರಗಿನೊಳಗೆ ಹೋಯಿತು.

ಚೆನ್ನಿಯಪ್ಪನಿಗೆ ಇನ್ನು ಕೇಳುವುದು ಏನೂ ಉಳಿಯಲಿಲ್ಲ. ಎದೆ ಬಿರಿದುಹೋಗಲಿ, ಈ ಭೂಮಿ ಬಾಯಿ ಬಿಡಲಿ ಅನ್ನಿಸಿತು.

ಜೀಪು ಒಳಗೆ ಬಂತು. ಮಡತ್ತುಕುಳದಿಂದ ಬಂದ ರಾಜೇಂದ್ರನ್ ಬೂಟಿನ ತುಂಬ ಬಾವಿಯ ಕೆಸರು ಹೊತ್ತು ಇಳಿದರು. "ಬಾವಿಯಲ್ಲಿ ಏನೂ ಸಿಕ್ಕಲಿಲ್ಲ ಏಟ್ಟಯ್ಯಾ. ಸಿಕ್ಕದಿದ್ದರೂ ಅವನು ಒಪ್ಪಿದ. ಈಗಷ್ಟೇ ವೈರ್‌ಲೆಸ್ಸಿನಲ್ಲಿ ಹೇಳಿದರು, ನಾಳೆ ಮ್ಯಾಜಿಸ್ಟ್ರೇಟರ ಮುಂದೆ ಹೇಳುತ್ತಾನಂತೆ." ಅವರ ದೃಷ್ಟಿ ಕುಂಡದ ಮೇಲೆ ಬಿತ್ತು. "ಇದೇನು? ಏನೋ ತಂದಿರೋ ಹಾಗಿದೆ?"

ಒಳಗಿನಿಂದ ಯಾರೋ ಕೆಮ್ಮಿದರು. ಅದು ಅಳಿಯನ ಕೆಮ್ಮು. ಹುಡುಗ ಇನ್ನೊಂದು ರಾತ್ರಿ ತಾಳಲಾರ ಎಂದು ಆ ಸದ್ದಿನಲ್ಲೇ ತಿಳಿಯುತ್ತಿತ್ತು.

"ಹೌದು ಸಾರ್," ಎಂದ ಚೆನ್ನಿಯಪ್ಪನ್. "ಸುಬ್ಬಯ್ಯನ್ ಬದುಕಿದ್ದಾರೆ. ಇದು ಅದಕ್ಕೆ ಸಾಕ್ಷಿ."

ರಾಜೇಂದ್ರನ್ ಎರಡೂ ಕೈ ಚಾಚಿದರು.

"ಅಪ್ಪಾ."

ಸಾಂತಿ ಮಾತಾಡಿದ್ದು ಕನ್ನಡದಲ್ಲಿ. ಮನೆಯೊಳಗೆ ಬಿಟ್ಟರೆ ಹೊರಗೆಲ್ಲೂ ಆಡದ ಮಾತನ್ನು ಅವಳು ಠಾಣೆಯ ಅಂಗಳದಲ್ಲಿ ಆಡಿದಳು, ಮುಖದಲ್ಲಿ ಒಂದು ಗೆರೆಯನ್ನೂ ಅಲುಗಿಸದೆ, ಊಟದ ವಿಷಯ ಹೇಳುವವಳ ಹಾಗೆ.

"ಅದನ್ನ ಕೊಡ್ಬೇಡಿ ಅಪ್ಪಾ. ಸುಬ್ಬಯ್ಯನ್ ಸಾರ್ ಎಲ್ಲಿದಾರೆ ಅಂತ ನಂಗೊತ್ತು. ಆ ಗಿಡ ಪೊಲೀಸ್ ಕೈಗೆ ಹೋಗಿದ್ದು ದೇವರಾಜನ್‌ಗೆ ತಿಳಿದ ಗಳಿಗೇಲೇ ಅವರನ್ನ ಮುಗಿಸ್ತಾರೆ. ಆಮೇಲೆ ನಿಜವಾದ ಹೆಣಾನೇ ಸಿಕ್ಕುತ್ತೆ. ಅದೂ ನಿಮ್ಮ ಅಳಿಯನ ಹೆಸರಲ್ಲೇ."

ಚೆನ್ನಿಯಪ್ಪನ್ ತಿರುಗಿ ನೋಡಿದ. ರಸ್ತೆಯ ಆಚೆ, ಟೀ ಅಂಗಡಿಯ ಬೆಂಚಿನ ಮೇಲೆ, ಸ್ಪ್ಯಾನರು ಹಿಡಿದಿದ್ದ ಆ ಇಬ್ಬರಲ್ಲಿ ಒಬ್ಬ ಕೂತು ಇವರನ್ನೇ ನೋಡುತ್ತಿದ್ದ.

"ಏನಂತಾಳೆ ನಿನ್ನ ಮಗಳು?" ಎಂದು ತಮಿಳಿನಲ್ಲಿ ಕೇಳಿದ ರಾಜೇಂದ್ರನ್ ಕುಂಡದ ಅಂಚನ್ನು ಹಿಡಿದರು.

ಚೆನ್ನಿಯಪ್ಪನ ಕೈ ಇನ್ನೂ ಅದರ ಮೇಲಿತ್ತು.